ಹಿಂದಕ್ಕೆ ಮುಖ ಮಾಡಿದ ಲೈಟು

ನಮ್ಮ ಸೋದರಮಾವನ ದನಿ ತೆಗೆಯುವುದು ಬಹಳ ಸುಲಭ. ಮೂಗನ್ನು ಅರ್ಧ ಮುಚ್ಚಿ, ಗಂಟಲಲ್ಲಿ ಒಂದು ಹಳೆ ಡೀಸೆಲ್ ಇಂಜಿನ್ ಸ್ಟಾರ್ಟ್ ಮಾಡಿಕೊಂಡು, ಪ್ರತಿ ಮಾತಿನ ಕೊನೆಗೆ "ಗೊತ್ತಾಯ್ತಾ?" ಎಂದು ಹಾರ್ನ್ ಹೊಡೆದರೆ ಮುಗಿಯಿತು. ನಾನು ಹಜಾರದಲ್ಲಿ ನಿಂತು ಹಾಗೆ ಕೆಮ್ಮಿದರೆ ಅಮ್ಮ ಒಳಗಿನಿಂದ "ಬಾ ಅಣ್ಣ, ಕೂತ್ಕೊ, ಟೀ ಇಡ್ತೀನಿ" ಅನ್ನುತ್ತಾಳೆ. ಆಮೇಲೆ ಬಂದು ನೋಡಿ, ಕೈಗೆ ಸಿಕ್ಕಿದ್ದರಲ್ಲಿ ಹೊಡೆಯುತ್ತಾಳೆ.

ಆ ಬುಧವಾರ ಹಜಾರದಲ್ಲಿ ಕೆಮ್ಮಿದ್ದು ಮಾತ್ರ ಅಸಲಿ ಮಾವ.

"ಹೊತ್ತು ಮುಳುಗಿದ ಮೇಲೆ ಗುಡ್ಡದ ದಾರೀಲಿ ಹೆಂಗಸ್ರು ಗಾಡಿ ಓಡಿಸೋದು ನಮ್ಮಲ್ಲಿಲ್ಲ, ಗೊತ್ತಾಯ್ತಾ?" ಅಂದರು, ಅಕ್ಕನನ್ನು ನೋಡಿ.

"ನಿಮ್ಮಲ್ಲಿಲ್ಲ, ಸರಿ ಮಾವ. ನನ್ನ ಜೀಪೂ ಈಗ ನಿಮ್ಮಲ್ಲಿಲ್ಲ, ನನ್ನಲ್ಲಿದೆ," ಅಂದಳು ಅಕ್ಕ.

ವಿಷಯ ಇಷ್ಟು. ನಮ್ಮೂರ ಗುಡ್ಡದ ನೆತ್ತಿಯ ಮೇಲೆ ಗಾಳಿಯಿಂದ ಕರೆಂಟು ತೆಗೆಯುವ ಕಂಬಗಳಿವೆ. ಕಂಪನಿಯವರು ಅದಕ್ಕೆ ಏನೇನೋ ಉದ್ದದ ಹೆಸರು ಹೇಳುತ್ತಾರೆ. ಊರಿನವರ ಬಾಯಲ್ಲಿ ಅದು 'ಫ್ಯಾನು'. ಫ್ಯಾನು ರಿಪೇರಿ ಮಾಡುವವರನ್ನು ಮೇಲಕ್ಕೆ ಒಯ್ದು ಕೆಳಕ್ಕೆ ತರುವ ಜೀಪುಗಳೆಲ್ಲ ಮಾವನವು. ಅಕ್ಕ ಅವುಗಳಲ್ಲಿ ಒಂದನ್ನು ವರ್ಷಗಟ್ಟಲೆ ಓಡಿಸಿದ್ದಳು, ಹಗಲಲ್ಲಿ ಮಾತ್ರ. ಬಿಸಿಲು ಇಳಿಯುತ್ತಿದ್ದಂತೆ ಕೀಲಿ ಮಾವನ ಕೈಗೆ ಹೋಗಬೇಕು. ಕೊನೆಗೆ ಮಾವ 'ಗುಜರಿಗೆ ಹಾಕು' ಎಂದು ಶೆಡ್ಡಿನ ಮೂಲೆಗೆ ತಳ್ಳಿದ್ದ ಉದ್ದನೆಯ ಹಳೆ ಜೀಪನ್ನು ಅಕ್ಕ ತಾನೇ ಕೊಂಡು, ತಾನೇ ಬಿಚ್ಚಿ, ತಾನೇ ಜೋಡಿಸಿ ಓಡುವಂತೆ ಮಾಡಿದ್ದಳು. ಗಾಡಿ ಓಡಿತು, ಆದರೆ ಅದಕ್ಕೆ ಓಡಲು ಕೆಲಸ ಬೇಕಲ್ಲ?

ಕೆಲಸ ಈಗ ಬಂದಿತ್ತು. ಕತ್ತಲಾದ ಮೇಲೆ ಇಳಿಯುವ ಸಂಜೆ ಪಾಳಿಯವರಿಗೆ ಕಂಪನಿ ಬೇರೆಯೇ ಗಾಡಿ ಗೊತ್ತುಮಾಡಲು ಹೊರಟಿತ್ತು. ಷರತ್ತು ಎರಡು: ಜೀಪಿನ ನೆತ್ತಿಯ ಕ್ಯಾರಿಯರ್ ಮೇಲೆ ನಾಲ್ಕು ಫೋಕಸ್ ಲೈಟು ಇರಬೇಕು, ಶನಿವಾರ ಮುಸ್ಸಂಜೆ ಕೊನೆಯ ಫ್ಯಾನಿನವರೆಗೆ ಹೋಗಿ ಬಂದು ತೋರಿಸಬೇಕು. ಕೇಳಿಕೊಂಡವರು ಇಬ್ಬರೇ, ಮಾವ ಮತ್ತು ಅಕ್ಕ. ಅಕ್ಕನ ಇಡೀ ಕೆರಿಯರ್ ಆಗ ನಿಂತಿದ್ದು ಜೀಪಿನ ಕ್ಯಾರಿಯರ್ ಮೇಲೆ.

"ನೀನು ಸೋತರೆ ಆ ಡಬ್ಬ ವಾಪಸ್ ನನ್ನ ಶೆಡ್ಡಿಗೆ," ಅಂದರು ಮಾವ ಎದ್ದು ನಿಲ್ಲುತ್ತಾ. "ನೀನು ವಾಪಸ್ ನನ್ನ ಹಗಲು ಗಾಡೀಗೆ. ಗೊತ್ತಾಯ್ತಾ?"

"ಆಯ್ತು. ಗೆದ್ದರೆ?"

ಮಾವ ಚಪ್ಪಲಿ ಮೆಟ್ಟಿಕೊಂಡು ಹೊರಟರು.

*

ಮರುದಿನ ಬೆಳಿಗ್ಗೆ ನಾವು ಗ್ಯಾರೇಜಿಗೆ ಹೋದಾಗ ಮೆಕ್ಯಾನಿಕ್ ಬೋಲ್ಟು ನಮ್ಮನ್ನು ನೋಡಿ ಯಾರದೋ ಜೀಪಿನ ಕೆಳಗೆ ನುಸುಳಿದ. ಅವನಿಗೆ ಆ ಹೆಸರು ಬಂದದ್ದು ಯಾವಾಗಲೂ ಬಾಯಲ್ಲಿ ಒಂದು ಬೋಲ್ಟು ಕಚ್ಚಿಕೊಂಡೇ ಮಾತಾಡುತ್ತಾನೆಂದು. ಅಕ್ಕ ತಾನು ಕೊಂಡ ನಾಲ್ಕು ಲೈಟುಗಳನ್ನೂ, ಅವನ್ನು ಕ್ಯಾರಿಯರ್ ಪೈಪಿಗೆ ಕಚ್ಚಿಸಲು ಅವನಿಂದಲೇ ಮಾಡಿಸಿದ್ದ ಕ್ಲಾಂಪುಗಳನ್ನೂ ಅವನ ಹತ್ತಿರ ಬಿಟ್ಟಿದ್ದಳು. ಲೈಟುಗಳು ಬಾಗಿಲಲ್ಲೇ ಗೋಣಿಚೀಲದಲ್ಲಿ ಕೂತಿದ್ದವು, ಬೋರ್ಡಿಂಗ್ ಶಾಲೆಯಿಂದ ಹೊರಹಾಕಿದ ಮಕ್ಕಳ ಹಾಗೆ.

"ಲೈಟು ತಗೊಂಡು ಹೋಗಕ್ಕ," ಎಂದಿತು ಜೀಪಿನ ಕೆಳಗಿನ ದನಿ. "ನಿಮ್ಮ ಮಾವ ಫೋನ್ ಮಾಡಿದ್ರು. ನಿನ್ನ ಗಾಡಿ ಮುಟ್ಟಿದ ಗ್ಯಾರೇಜಿಗೆ ಅವರ ಒಂದು ಗಾಡೀನೂ ಬರಲ್ವಂತೆ. ಎಲ್ಲಾ ಗ್ಯಾರೇಜಿಗೂ ಹೇಳಿದ್ದಾರೆ."

"ಕ್ಲಾಂಪು?"

"ಅದೂ ಕೊಡಬೇಡ ಅಂದ್ರು."

ಅಕ್ಕ ರಸ್ತೆಗೆ ಬಂದಳು. ನಾನು ಪಿಸುಗುಟ್ಟಿದೆ, "ಅಕ್ಕ, ಒಂದು ನಿಮಿಷದ ಕೆಲಸ. ಮೂಲೆ ಅಂಗಡಿ ಫೋನಿಂದ ಮಾವನ ದನಿ ತೆಗೀತೀನಿ. 'ಲೋ ಬೋಲ್ಟು, ಹೋಗಲಿ ಕೊಟ್ಬಿಡು, ನಮ್ಮ ಹುಡುಗೀನೇ ತಾನೆ, ಗೊತ್ತಾಯ್ತಾ?' ಕ್ಲಾಂಪ್ ಜತೆಗೆ ಗ್ಯಾರೇಜೇ ಎತ್ತಿ ಕೊಡ್ತಾನೆ."

ಹೇಳುವಾಗಲೇ ದನಿ ಎಷ್ಟು ಚೆನ್ನಾಗಿ, ಎಷ್ಟು ಜೋರಾಗಿ ಬಂತೆಂದರೆ ಜೀಪಿನ ಕೆಳಗಿಂದ "ಹ್ಞಾಂ ಸಾಮಿ!" ಎಂಬ ಉತ್ತರವೂ ಬಂತು. ನನಗೆ ನಗು ತಡೆಯಲಿಲ್ಲ.

ಅಕ್ಕ ನಗಲಿಲ್ಲ. "ಬೇಡ ಕಣೋ. ಮಾವನ ದನೀಲಿ ಸಿಕ್ಕಿದ್ದು ಮಾವಂದೇ ಆಗುತ್ತೆ. ನಾಳೆ ಅವರೇ 'ನಾನು ಕೊಡಿಸ್ದೆ' ಅಂದ್ರೆ ಅದು ಅರ್ಧ ನಿಜಾನೂ ಆಗಿರುತ್ತೆ. ನನಗೆ ಬೇಕಾಗಿರೋದನ್ನ ನಾನೇ ಕೇಳ್ತೀನಿ."

ಅವಳು ಒಳಗೆ ಹೋಗಿ, ಟೈರುಗಳ ರಾಶಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಳು. ಬೋಲ್ಟು ಜೀಪಿನ ಕೆಳಗಿಂದ ತಲೆ ತೆಗೆದರೆ ಎದುರಿಗೆ ಅವಳ ಚಪ್ಪಲಿ. ಬೇರೆ ಗಿರಾಕಿ ಬಂದು "ಯಾರಮ್ಮ, ಏನಾಗ್ಬೇಕು?" ಎಂದು ಕೇಳಿದರೆ "ನನ್ನ ಕ್ಲಾಂಪ್ ಆಗ್ಬೇಕು" ಅನ್ನುತ್ತಿದ್ದಳು, ಗಟ್ಟಿಯಾಗಿ. ಇನ್ನೊಬ್ಬ ಬಂದು ಕೇಳಿದ. ಅವನಿಗೂ ಅದೇ. ಬೋಲ್ಟು ಅತ್ತ ದರಿ ಇತ್ತ ಪುಲಿ ಎಂಬಂತೆ ಒದ್ದಾಡಿದ. ಬಾಯಲ್ಲಿದ್ದ ಬೋಲ್ಟನ್ನು ಎಡದವಡೆಯಿಂದ ಬಲದವಡೆಗೆ ಹೊರಳಿಸಿದ. ಮಧ್ಯಾಹ್ನ ಅವನು ಊಟದ ಡಬ್ಬಿ ತೆರೆದಾಗ ಅಕ್ಕ "ನೀನು ಊಟ ಮಾಡಪ್ಪ, ನನಗೇನು ಅವಸರ ಇಲ್ಲ" ಅಂದಳು. ಅವನು ಡಬ್ಬಿ ಮತ್ತೆ ಮುಚ್ಚಿದ.

"ಅಕ್ಕ, ನಾನು ನಿನ್ನ ಗಾಡಿ ಮುಟ್ಟಲ್ಲ ಅಂತ ಮಾತು ಕೊಟ್ಟಿದ್ದೀನಿ," ಅಂದ ಕೊನೆಗೆ, ಕಪಾಟಿನಿಂದ ಕ್ಲಾಂಪುಗಳ ಗಂಟು ತೆಗೆದು. "ನೀನು ನನ್ನ ಡ್ರಿಲ್ಲಿಂಗ್ ಮಿಷನ್ ಮುಟ್ಟಬಾರದು ಅಂತ ಯಾರಿಗೂ ಮಾತು ಕೊಟ್ಟಿಲ್ಲ. ಅಗೋ ಅಲ್ಲಿದೆ. ನಾನು ಆ ಕಡೆ ತಿರುಗಿ ಊಟ ಮಾಡ್ತೀನಿ. ಸೋಮವಾರ ಅದು ಮತ್ತೆ ಅಲ್ಲೇ ಇರಲಿ."

*

ಶುಕ್ರವಾರ ನಮ್ಮ ಮನೆ ಅಂಗಳವೇ ಗ್ಯಾರೇಜು. ನಾನು ಟ್ಯುಟೋರಿಯಲ್‌ನಲ್ಲಿ ಇತಿಹಾಸ ಹೇಳಿಕೊಡುವವನು; ನನಗೆ ಕೋಟೆಗಳು ಬಿದ್ದದ್ದು ಗೊತ್ತು, ಕ್ಲಾಂಪುಗಳು ನಿಲ್ಲುವುದು ಗೊತ್ತಿರಲಿಲ್ಲ. ಅಕ್ಕ ಏಣಿ ಹಾಕಿ ಕ್ಯಾರಿಯರ್ ಮೇಲೆ ಕೂತು ಕೈ ಚಾಚಿದಾಗಲೆಲ್ಲ ನಾನು ಕೆಳಗಿಂದ ತಪ್ಪು ಸ್ಪ್ಯಾನರ್ ಕೊಡುತ್ತಿದ್ದೆ.

ಪೈಪಿಗೂ ಕ್ಲಾಂಪಿಗೂ ನಡುವೆ ಸೈಕಲ್ ಟ್ಯೂಬಿನ ತುಂಡು, ಅಲುಗಾಡಿ ಸದ್ದು ಮಾಡದಿರಲಿ ಎಂದು. ಅದರ ಮೇಲೆ ವಾಷರ್, ಸ್ಪ್ರಿಂಗ್ ವಾಷರ್, ನಟ್ಟು. ಲೈಟಿನ ವೈರು ಛಾವಣಿಯ ಅಂಚು ಹಿಡಿದು, ಮುಂಗಾಜಿನ ಪಕ್ಕದ ಕಂಬಿಯುದ್ದಕ್ಕೂ ಇಳಿದು, ಬಾನೆಟ್ಟಿನ ಒಳಗೆ ಹೋಗಿ ಫ್ಯೂಸ್ ಮೂಲಕ ಬ್ಯಾಟರಿ ಸೇರಬೇಕು. ಇನ್ನೊಂದು ತುದಿಯನ್ನು ಗಾಡಿಯ ಮೈಗೆ ತೂತು ಕೊರೆದು ಬಿಗಿಯಬೇಕು, ಅದೂ ಬಣ್ಣ ಕೆರೆದು ಬರಿ ಕಬ್ಬಿಣ ಕಂಡ ಮೇಲೆ. ನಾನು ಕೆರೆಯದೆಯೇ ಬಿಗಿದಿದ್ದೆ. ಸ್ವಿಚ್ ಹಾಕಿದರೆ ಲೈಟು ಮಿಣುಕಿ, ಕಣ್ಣು ಹೊಡೆದು, ಸುಮ್ಮನಾಯಿತು.

"ಅರ್ತ್ ಸರಿಯಾಗಿ ಕೊಟ್ಟಿಲ್ಲ," ಅಂದಳು ಅಕ್ಕ.

"ಅರ್ತ್ ಇಲ್ಲದಿದ್ರೆ ಎಲ್ಲಾ ಅನರ್ಥ," ಅಂದೆ.

"ಬಾಯಿ ಸಾಕು. ಮರಳು ಕಾಗದ ತಗೊ."

ಮೂರು ಲೈಟು ಮುಂದಿನ ಪೈಪಿಗೆ ಸಾಲಾಗಿ ಕೂತವು. ನಾಲ್ಕನೆಯದನ್ನು ಅಕ್ಕ ಎತ್ತಿಕೊಂಡು, ಕ್ಯಾರಿಯರ್ ಮೇಲೆ ತೆವಳಿ, ಹಿಂದಿನ ಪೈಪಿಗೆ ಹೋದಳು. ಅಲ್ಲಿ ಅದನ್ನು ಹಿಂದಕ್ಕೆ ಮುಖ ಮಾಡಿಸಿ, ಕತ್ತು ಬಗ್ಗಿಸಿ ಬಿಗಿಯತೊಡಗಿದಳು.

"ಅಕ್ಕ! ದಿಕ್ಕು ತಪ್ಪಿದೆ!"

"ತಪ್ಪಿಲ್ಲ."

"ಜೀಪು ಹೋಗೋದು ಈ ಕಡೆ."

"ಜನ ಹತ್ತೋದು ಯಾವ ಕಡೆ?" ಅಂದಳು. ಕೈಯಲ್ಲಿದ್ದ ಸ್ಪ್ಯಾನರಿನಿಂದ ಜೀಪಿನ ಹಿಂಬಾಗಿಲನ್ನೂ ಅದರ ಕೆಳಗಿನ ಮೆಟ್ಟಿಲನ್ನೂ ತೋರಿಸಿದಳು. "ಹೋದ ತಿಂಗಳು ಆ ಉದ್ದನೆಯವನು, ಏಣಿ ಅಂತಾರಲ್ಲ, ಸಂಜೆ ಮಬ್ಬಲ್ಲಿ ಮಾವನ ಗಾಡಿ ಹತ್ತೋವಾಗ ಮೆಟ್ಟಿಲು ಸಿಗದೆ ಬಿದ್ದ. ಹೆಗಲಲ್ಲಿ ಟೂಲ್ ಬ್ಯಾಗು. ಪಾದ ಹೊರಳಿ ಎಷ್ಟು ದಿನ ಕೋಲು ಹಿಡ್ಕೊಂಡು ಓಡಾಡ್ದ. ಮುಂದೆ ದಾರಿ ನೋಡೋಳು ನಾನೊಬ್ಬಳು, ನನಗೆ ಮೂರು ಸಾಕು. ಹಿಂದೆ ಹತ್ತೋರು ಎಂಟು ಜನ, ಅವರಿಗೆ ಒಂದಾದ್ರೂ ಬೇಡ್ವಾ?"

ಆ ಲೈಟಿಗೆ ಬೇರೆಯೇ ಸ್ವಿಚ್ಚನ್ನೂ ಇಟ್ಟಳು.

ಬಿಸಿಲು ಇಳಿದ ಮೇಲೆ ಅಕ್ಕ ಸೀಟಲ್ಲಿ ಕೂತು ಮುಂದಿನ ಮೂರನ್ನೂ ಹಾಕಿದಳು. ಎದುರುಮನೆಯ ಗೋಡೆ ಬೆಳ್ಳಗೆ ಎದ್ದು ನಿಂತಿತು. ನಾನು ಚಪ್ಪಾಳೆ ಹೊಡೆದೆ. ಒಳಗಿಂದ ಅಕ್ಕ ಮಾತ್ರ "ಏನೂ ಕಾಣ್ತಿಲ್ಲ ಕಣೋ" ಅಂದಳು. ನಾನೂ ಹೋಗಿ ಪಕ್ಕದಲ್ಲಿ ಕೂತು ನೋಡಿದೆ. ನೆತ್ತಿಯ ಬೆಳಕೆಲ್ಲ ಮೊದಲು ಬೀಳುತ್ತಿದ್ದುದು ಜೀಪಿನ ಬಿಳಿ ಬಾನೆಟ್ಟಿನ ಮೇಲೆ. ಅಲ್ಲಿಂದ ಚಿಮ್ಮಿ ನೇರ ನಮ್ಮ ಕಣ್ಣಿಗೆ. ಕನ್ನಡಿ ಹಿಡಿದು ಬಿಸಿಲು ತೋರಿಸಿದ ಹಾಗೆ. ಅದರಾಚೆ ಎಲ್ಲ ಕಪ್ಪು.

ಸರಿಯಾಗಿ ಆಗಲೇ ಮಾವ ಬಂದರು. ಬೆಳಕಿಗೆ ಬರುವ ಹುಳದ ಹಾಗೆ ಎಂದು ನಾನು ಹೇಳುವುದಿಲ್ಲ, ಹಿರಿಯರು.

"ಓಹೋಹೋ! ಯಾರ ಮನೆ ಮದುವೆ?" ಅಂದರು. ಜೀಪಿನ ಸುತ್ತ ಒಂದು ಸುತ್ತು ಬಂದು ಹಿಂದಿನ ಲೈಟು ಕಂಡು ಇನ್ನೂ ಜೋರಾಗಿ ನಕ್ಕರು. "ಇದೇನಿದು, ಒಂದು ಮುನಿಸ್ಕೊಂಡು ಆ ಕಡೆ ತಿರುಗಿಬಿಟ್ಟಿದೆ? ಮೂಗಿಗಿಂತ ಮೂಗುತಿ ಭಾರ. ಡಬ್ಬ ಗಾಡಿ, ಅದರ ಮೇಲೆ ಇಷ್ಟು ಲೈಟು, ಒಳಗೆ ಕೂತೋಳಿಗೆ ಕಣ್ಣು ಕಾಣಲ್ಲ! ನಾನು ಹೇಳ್ಲಿಲ್ವಾ? ಇದೆಲ್ಲ ಹೆಂಗಸರ ಕೈಲಿ—"

ಮಾತು ಅಲ್ಲೇ ನಿಂತಿತು. ಮಾವನ ಕಣ್ಣು ನಮ್ಮ ಹಜಾರದ ಕಿಟಕಿಗೆ ಹೋಗಿತ್ತು. ಕಿಟಕಿ ಬೋಳಾಗಿತ್ತು. ಅದರ ಹಿಂದೆ ಅಮ್ಮ ಹೊಲಿಗೆ ಮಿಷನ್ ತುಳಿಯುತ್ತಿದ್ದಳು.

ಊರ ರಸ್ತೆಯಲ್ಲಿ ನೆತ್ತಿಯ ಲೈಟುಗಳಿಗೆ ಮುಸುಕು ಹಾಕಿಯೇ ಹೋಗಬೇಕು, ಇಲ್ಲದಿದ್ದರೆ ಪೊಲೀಸರು ಹಿಡಿಯುತ್ತಾರೆ. ಅಂಗಡಿಯ ಮುಸುಕು ಯಾವುದೂ ಅಳತೆಗೆ ಬಂದಿರಲಿಲ್ಲ. ಅಮ್ಮ ಎಲಾಸ್ಟಿಕ್ ಹಾಕಿ ನಾಲ್ಕು ಟೋಪಿ ಹೊಲಿಯುತ್ತಿದ್ದಳು. ದಪ್ಪನೆ ಬಟ್ಟೆ, ಕೆಂಪು ನೆಲ, ದೊಡ್ಡ ದೊಡ್ಡ ಹಳದಿ ಹೂವು.

"ಏ, ಅದು ನಾನು ಕೊಟ್ಟ ಪರದೆ ಅಲ್ವಾ?" ಅಂದರು ಮಾವ.

ಅಮ್ಮ ನನಗೆ ನೆನಪಿರುವ ಕಾಲದಿಂದ ಅಣ್ಣನ ಮಾತಿಗೆ 'ಹೂಂ' ಬಿಟ್ಟು ಬೇರೆ ಅಕ್ಷರ ಸೇರಿಸಿದವಳಲ್ಲ. ನಾನು ಅವಳ 'ಹೂಂ' ಕೂಡ ಚೆನ್ನಾಗಿ ಅನುಕರಿಸಬಲ್ಲೆ. ಅದರಲ್ಲಿ ಮೂರು ಬಗೆ ಇದೆ. ಇವತ್ತು ಬಂದದ್ದು ಆ ಮೂರರಲ್ಲಿ ಒಂದೂ ಅಲ್ಲ.

"ಹೌದಣ್ಣ," ಅಂದಳು, ದಾರ ಹಲ್ಲಲ್ಲಿ ಕಚ್ಚಿ ಕಡಿಯುತ್ತಾ. "ಪರದೆ ನೀನು ಕೊಟ್ಟಿದ್ದು. ಕೊಟ್ಟ ಮೇಲೆ ನಂದು. ಕತ್ತರಿ ಮೊದಲಿಂದಲೂ ನಂದೇ."

ಮಾವ ನನ್ನ ಕಡೆ ನೋಡಿದರು, ದನಿ ತೆಗೆದದ್ದು ನಾನೇ ಎಂಬಂತೆ. ನಾನು ಎರಡೂ ಕೈ ಎತ್ತಿ, ಬಾಯಿ ಮುಚ್ಚಿ ತೋರಿಸಿದೆ. ಅವರು ಟೀ ಕುಡಿಯದೆ ಹೊರಟದ್ದು ಅದೇ ಮೊದಲು.

ಅಕ್ಕ ಮಾತ್ರ ಬಾನೆಟ್ಟಿನ ಮೇಲೆ ಮೊಣಕೈ ಊರಿ ನಿಂತಿದ್ದಳು. "ಅವರು ನಕ್ಕಿದ್ದು ತಪ್ಪಲ್ಲ. ಹೀಗಿದ್ರೆ ಮೊದಲ ತಿರುವಲ್ಲೇ ಹಳ್ಳಕ್ಕೆ ಇಳಿಸ್ತೀನಿ."

ಆಗ ಅಪ್ಪ ಬಂದರು. ಅಪ್ಪ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ಮಾತಿನಲ್ಲಿ ಬಹಳ ಜಿಪುಣರು. ಕೈಯಲ್ಲಿ ತುಕ್ಕು ಹಿಡಿದ ಡಬ್ಬ, ಒಂದು ಅಗಲ ಬ್ರಷ್ಷು.

"ಬಿಸಿಲು ಬೀಳೋ ಕ್ಲಾಸಲ್ಲಿ ಬೋರ್ಡು ಹೊಳೆದ್ರೆ ಮಕ್ಕಳಿಗೆ ಒಂದಕ್ಷರ ಕಾಣಲ್ಲ," ಅಂದರು. "ಇದು ಹೊಳೆಯಲ್ಲ."

ಕರಿಹಲಗೆಯ ಬಣ್ಣ. ಬಾನೆಟ್ಟಿನ ತುದಿಯಿಂದ ಮುಂಗಾಜಿನವರೆಗೆ ಅಪ್ಪ ಅಡ್ಡಡ್ಡ ಒಂದು ಸಲ, ಉದ್ದುದ್ದ ಒಂದು ಸಲ ಬಳಿದರು. ಒಣಗಿದ ಮೇಲೆ ಅಕ್ಕ ಮತ್ತೆ ಲೈಟು ಹಾಕಿ, ಒಳಗೆ ಕೂತು, "ಎದುರುಮನೆ ಗೋಡೆ ಮೇಲೆ ಹಲ್ಲಿ ಕಾಣ್ತಿದೆ ಅಪ್ಪ" ಅಂದಳು.

*

ಶನಿವಾರ ಸಂಜೆ ಗುಡ್ಡದ ಬುಡದ ಗೇಟಿನ ಹತ್ತಿರ ಮಾವನ ಹೊಸ ಜೀಪು ಮತ್ತು ನಮ್ಮದು ಅಕ್ಕಪಕ್ಕ ನಿಂತವು. ಮಾವನದು ಮಿರಮಿರ ಮಿಂಚುತ್ತಿತ್ತು. ನಮ್ಮದು ಮೈ ಬಿಳಿ, ಮೂತಿ ಕಪ್ಪು, ತಲೆ ಮೇಲೆ ಕೆಂಪು ಹೂವಿನ ಟೋಪಿ. ಹಾಲು ಕದ್ದು ಕುಡಿಯಲು ಹೋಗಿ ಮಸಿಪಾತ್ರೆಗೆ ಮುಖ ಹಾಕಿದ ಬೆಕ್ಕಿನಂತಿತ್ತು.

ಪರೀಕ್ಷೆ ಮಾಡಲು ಬಂದಿದ್ದವರು ಕಂಪನಿಯ ಇಂಜಿನಿಯರು. ಯಾರು ಏನು ಕೇಳಿದರೂ "ನೋಡೋಣ" ಅನ್ನುತ್ತಾರೆಂದು ಎಲ್ಲರೂ ಅವರನ್ನು ನೋಡೋಣ ಸಾಹೇಬರು ಎಂದೇ ಕರೆಯುತ್ತಿದ್ದರು. ಅವರು ಟಾರ್ಚು ಹಿಡಿದು ಕ್ಲಾಂಪು ಅಲ್ಲಾಡಿಸಿ ನೋಡಿದರು, ಫ್ಯೂಸು ನೋಡಿದರು, ತಲೆದೂಗಿದರು. ಹಿಂದಕ್ಕೆ ಹೋದವರು ಅಲ್ಲೇ ನಿಂತರು.

"ಏನಮ್ಮ ಇದು? ಇದನ್ನ ಮುಂದಕ್ಕೆ ಹಾಕಿ."

"ಇಲ್ಲ ಸರ್, ಅದು ಇರೋದೇ ಅಲ್ಲಿ. ಹತ್ತೋರಿಗೆ."

"ನಾಲ್ಕು ಲೈಟು ಅಂದ್ರೆ ನಾಲ್ಕೂ ಮುಂದೆ ಅಂತಾನೇ ಅರ್ಥ. ಎಲ್ಲಾ ಗಾಡೀಲೂ ಹಂಗೇ ಇರೋದು."

"ಕ್ಯಾರಿಯರ್ ಮೇಲೆ ನಾಲ್ಕು ಅಂದಿದ್ರಿ. ಕ್ಯಾರಿಯರ್ ಹಿಂದಕ್ಕೂ ಇದೆ ಸರ್."

ಮಾವ ತಮ್ಮ ಜೀಪಿಗೆ ಒರಗಿಕೊಂಡು ಮಜಾ ನೋಡುತ್ತಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರುವ ಹೊತ್ತಲ್ಲಿ ಇವಳು ಬಾಯಿಯನ್ನೇ ಆ ಕಡೆ ತಿರುಗಿಸುತ್ತಿದ್ದಾಳೆ. ಅವಳ ತೋಳು ಹಿಡಿದು ಎಳೆದೆ. "ಅಕ್ಕ, ಇವತ್ತೊಂದು ದಿನ ಮುಂದಕ್ಕೆ ತಿರುಗಿಸೋಣ. ಎರಡು ನಟ್ಟಿನ ಕೆಲಸ. ಕೆಲಸ ಸಿಕ್ಕ ಮೇಲೆ ಮತ್ತೆ ಹಿಂದಕ್ಕೆ ಮಾಡ್ಕೋ, ಯಾರು ಕೇಳ್ತಾರೆ?"

"ಇವತ್ತು ಅವರಿಗೋಸ್ಕರ ತಿರುಗಿಸಿದ್ರೆ, ನಾಳೆ ಅದನ್ನ ಹಿಂದಕ್ಕೆ ಮಾಡೋಕೂ ಅವರನ್ನೇ ಕೇಳ್ಬೇಕಾಗುತ್ತೆ," ಅಂದಳು. ಆಮೇಲೆ ಜೋರಾಗಿ, ಎಲ್ಲರಿಗೂ ಕೇಳುವಂತೆ, "ತಿರುಗಿಸಲ್ಲ ಸರ್."

"ಹಂಗಾದ್ರೆ ಫೇಲ್ ಅಂತ ಬರೀಬೇಕಾಗುತ್ತೆ."

"ಬರೀರಿ. ಆದ್ರೆ ಓಡಿಸಿದ ಮೇಲೆ ಬರೀರಿ. ಬರೆಯೋಕೆ ಬೆಳಕು ಬೇಕಾದ್ರೆ ಹಿಂದೆ ಬನ್ನಿ, ಅಲ್ಲೊಂದು ಲೈಟಿದೆ."

ಮಾವನ ಡ್ರೈವರೇ ಕಿಸಕ್ಕನೆ ನಕ್ಕ. ಮಾವ ತಿರುಗಿ ನೋಡಿದ್ದಕ್ಕೆ ಕೆಮ್ಮಿದ. ನೋಡೋಣ ಸಾಹೇಬರು ಗಡಿಯಾರ ನೋಡಿದರು, ಆಕಾಶ ನೋಡಿದರು, ನಮ್ಮ ಜೀಪಿನ ಮುಂದಿನ ಸೀಟು ಹತ್ತಿದರು. "ನೋಡೋಣ," ಅಂದರು.

ನಾನು ಟೋಪಿಗಳನ್ನು ಕಿತ್ತು ಜೇಬಿಗೆ ತುರುಕಿ ಹಿಂದೆ ಹತ್ತಿದೆ.

ಮಾವನ ಜೀಪು ಮುಂದೆ, ನಾವು ಹಿಂದೆ. ಗುಡ್ಡದ ದಾರಿ ಅಂದರೆ ಲಾರಿ ಚಕ್ರಗಳು ಕೊರೆದ ಎರಡು ಕಾಲುವೆ, ನಡುವೆ ಕಲ್ಲಿನ ಬೆನ್ನು. ಮಾವನ ನಾಲ್ಕು ಲೈಟು ಧೂಳೆಬ್ಬಿಸಿಕೊಂಡು ಹೋದವು. ಆ ಧೂಳಿಗೆ ನಮ್ಮ ಬೆಳಕು ಬಡಿದು ಎದುರಿಗೆ ಬಿಳಿ ಗೋಡೆ ಎದ್ದಿತು. ಅಕ್ಕ ತಟ್ಟನೆ ನೆತ್ತಿಯ ಲೈಟು ಆರಿಸಿದಳು, ಕೆಳಗಿನ ಹೆಡ್‌ಲೈಟಿನಲ್ಲೇ ನಿಧಾನ ಮಾಡಿ ಅವರನ್ನು ಮುಂದೆ ಹೋಗಲು ಬಿಟ್ಟಳು. ಧೂಳು ಕೂತ ಮೇಲೆ ಮತ್ತೆ ಹಾಕಿದಳು. ದಾರಿಯ ಒಂದೊಂದು ಕಲ್ಲಿಗೂ ನೆರಳು ಬಂತು. ಯಾವುದು ಉಬ್ಬು ಯಾವುದು ತಗ್ಗು ಎಂದು ಹಿಂದೆ ಕೂತ ನನಗೂ ಕಂಡಿತು. ನೋಡೋಣ ಸಾಹೇಬರು ಮೊದಲ ತಿರುವಿನಲ್ಲಿ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಮೂರನೆಯದರಲ್ಲಿ ಒಂದು ಕೈ ಬಿಟ್ಟರು. ಐದನೆಯದರಲ್ಲಿ ಆ ಕೈಯಿಂದ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಕೊನೆಯ ಫ್ಯಾನಿನ ಬುಡದಲ್ಲಿ ಗಾಳಿ ಎಂದರೆ ಗಾಳಿ. ಮಾವನ ಜೀಪು ಆಗಲೇ ಬಂದು ಕಣಿವೆಯ ಕಡೆ ಮುಖ ಮಾಡಿ ನಿಂತಿತ್ತು. ನಾಲ್ಕೂ ಲೈಟು ಉರಿಯುತ್ತಿದ್ದವು. ಎದುರಿನ ಗುಡ್ಡದ ಮೈ, ಕೆಳಗಿನ ಕೆರೆಯ ಅಂಚು, ಹಾರಿ ಹೋಗುತ್ತಿದ್ದ ಒಂದು ಬಾವಲಿ ಎಲ್ಲ ಬೆಳಗಿದ್ದವು. ಅಲ್ಲಿಂದ ಜೀಪು ಹತ್ತುವವರು ಮಾತ್ರ ಯಾರೂ ಇರಲಿಲ್ಲ. ಹತ್ತುವವರು ಇದ್ದದ್ದು ಹಿಂದೆ, ಕಂಬದ ಕಬ್ಬಿಣದ ಬಾಗಿಲಲ್ಲಿ; ಅಲ್ಲಿ ಗವ್ವೆನ್ನುವ ಕತ್ತಲು. ದೀಪದ ಬುಡ ಕತ್ತಲು ಎಂದು ಕೇಳಿದ್ದೆ, ಜೀಪಿನ ಬುಡವೂ ಹಾಗೇ ಎಂದು ಆಗ ನೋಡಿದೆ.

ಅಕ್ಕ ಜೀಪನ್ನು ತಿರುಗಿಸಿ, ಹಿಂಬಾಗಿಲು ಕಂಬದ ಬಾಗಿಲಿಗೆ ಎದುರಾಗುವಂತೆ ನಿಲ್ಲಿಸಿ, ಬೇರೆ ಸ್ವಿಚ್ಚು ಹಾಕಿದಳು. ಬೆಳಕು ಯಾರ ಕಣ್ಣಿಗೂ ಹೊಡೆಯದೆ, ಚಾಪೆ ಹಾಸಿದ ಹಾಗೆ ನೆಲದ ಮೇಲೆ ಬಿತ್ತು. ಮೆಟ್ಟಿಲು, ಅದರ ಮುಂದಿನ ಕಲ್ಲು, ಕಲ್ಲಿನ ಪಕ್ಕದ ಗುಂಡಿ, ಎಲ್ಲವೂ ಕಂಡವು.

ಸಂಜೆ ಪಾಳಿಯವರು ಟೂಲ್ ಬ್ಯಾಗು ಹೊತ್ತು ಹೊರಗೆ ಬಂದರು. ಎಲ್ಲರಿಗಿಂತ ಮುಂದೆ ಏಣಿ, ತೆಂಗಿನ ಮರಕ್ಕೆ ಪ್ಯಾಂಟು ಹಾಕಿದಂತಿದ್ದ ಮನುಷ್ಯ. ಅವನು ಆ ಜೀಪು ನೋಡಿದ, ಈ ಜೀಪು ನೋಡಿದ. ಬೆಳಕಿನೊಳಗೆ ನಡೆದು ಬಂದು, ಹೊರಳಿದ್ದ ಪಾದವನ್ನೇ ಮೊದಲು ಮೆಟ್ಟಿಲ ಮೇಲೆ ಇಟ್ಟು, ಸರಾಗ ಹತ್ತಿ ನನ್ನ ಪಕ್ಕ ಕೂತ. ಅವನ ಹಿಂದೆ ಇನ್ನೊಬ್ಬ. ಅವನ ಹಿಂದೆ ಮತ್ತೊಬ್ಬ.

ಮಾವನ ಡ್ರೈವರು ಹಾರ್ನ್ ಹೊಡೆದ. ಯಾರೂ ತಿರುಗಲಿಲ್ಲ.

ನೋಡೋಣ ಸಾಹೇಬರು ಇಳಿದು ಓಡಿಬಂದರು. "ಅಲ್ರೀ, ನೀವ್ಯಾಕೆ ಹತ್ತಿದ್ರಿ? ಇವತ್ತು ಬರೀ ಟೆಸ್ಟು!"

"ನಾವೂ ಬರೀ ಮನೆಗೆ ಹೋಗ್ತಿದ್ದೀವಿ ಸರ್," ಅಂದ ಏಣಿ. "ಇದರಲ್ಲಿ ಮೆಟ್ಟಿಲು ಕಾಣುತ್ತೆ."

"ಆ ಲೈಟು ಇರೋ ಜಾಗವೇ ತಪ್ಪು ಕಣ್ರೀ!"

"ಹಂಗಾದ್ರೆ ಸರಿ ಜಾಗದಲ್ಲಿರೋ ಗಾಡೀಲಿ ನೀವು ಬನ್ನಿ. ನಾವು ತಪ್ಪಲ್ಲೇ ಬರ್ತೀವಿ."

ಮಾವ ದಾಪುಗಾಲು ಹಾಕಿ ಬಂದರು. ಗಾಳಿಗೆ ಅವರ ಅರ್ಧ ಮಾತು ಹಾರಿಹೋಗುತ್ತಿತ್ತು. "ಇವಳಿಗೆ ಸಂಜೆ ಕೊಟ್ರೆ ಸೋಮವಾರದಿಂದ ಹಗಲಿಗೆ ನನ್ನ ಒಂದು ಜೀಪೂ ಮೇಲೆ ಬರಲ್ಲ ಸಾಹೇಬ್ರೇ! ಗೊತ್ತಾಯ್ತಾ?"

ಸಾಹೇಬರು ಮಾವನನ್ನು ನೋಡಿದರು, ತುಂಬಿ ಕೂತ ಜೀಪನ್ನು ನೋಡಿದರು, ಮತ್ತೆ ಮಾವನನ್ನು ನೋಡಿದರು. ಅಕ್ಕ ಸ್ಟೀರಿಂಗ್ ಬಿಟ್ಟು ಇಳಿದು ಬಂದು ಬೆಳಕಿನ ನಡುವೆ ನಿಂತಳು.

"ನಿಲ್ಲಿಸಿ ಮಾವ. ನಿಮ್ಮ ಜೀಪು, ನಿಮ್ಮ ಇಷ್ಟ. ಶೆಡ್ಡಲ್ಲಿ ಅಷ್ಟೊಂದು ಗಾಡಿ ಸುಮ್ಮನೆ ನಿಂತ್ರೆ ಏನಾಗುತ್ತೆ ಅಂತ ನನಗೂ ಗೊತ್ತು, ಈ ಗಾಡಿ ಅಲ್ಲೇ ತುಕ್ಕು ಹಿಡಿದಿದ್ದು. ಹಗಲಿಗೂ ಬೇಕಾದ್ರೆ ನಾನೇ ಬರ್ತೀನಿ. ಹತ್ತು ಸಲ ಹತ್ತಬೇಕಾದ್ರೆ ಹತ್ತು ಸಲ ಹತ್ತಿಸ್ತೀನಿ." ಆಮೇಲೆ ಸಾಹೇಬರ ಕಡೆ ತಿರುಗಿದಳು. "ಏನ್ ಸರ್? ಪಾಸೋ ಫೇಲೋ?"

ಸಾಹೇಬರು ತುಟಿ ಒದ್ದೆ ಮಾಡಿಕೊಂಡರು. "ನೋಡೋ—"

"ನೋಡೋಕೇ ತಾನೆ ಸರ್ ಲೈಟು ಹಾಕಿರೋದು."

ಜೀಪಿನೊಳಗೆ ನಗು ಸಿಡಿಯಿತು. ಏಣಿ ನಕ್ಕ ರಭಸಕ್ಕೆ ತಲೆ ಛಾವಣಿಗೆ ಬಡಿಯಿತು. ನಗದೇ ಇದ್ದವರು ಇಬ್ಬರು, ಮಾವ ಮತ್ತು ಅಕ್ಕ. ಸಾಹೇಬರು ಒಂದು ಸಲ ಬಗ್ಗಿ ಮೆಟ್ಟಿಲು ನೋಡಿದರು, ತಮ್ಮ ಬೂಟಿನ ತುದಿಯಿಂದ ಅದನ್ನು ಮುಟ್ಟಿ ನೋಡಿದರು. ಆಮೇಲೆ ಅವರ ಬಾಯಲ್ಲಿ ನಾನು ಈ ಮೊದಲು ಕೇಳದ ಮಾತು ಬಂತು.

"ಆಯ್ತು," ಅಂದರು. "ಸೋಮವಾರದಿಂದ ಬನ್ನಿ."

ಮಾವ ತಮ್ಮ ಜೀಪಿನ ಕಡೆ ಹೊರಟರು. ಅಕ್ಕ ಹಿಂದಿನಿಂದ ಕೂಗಿದಳು, "ಮಾವ, ನನ್ನ ಹಿಂದೇನೇ ಬನ್ನಿ. ದಾರಿ ನಾನು ನೋಡ್ತೀನಿ. ಹಿಂದಿನ ಲೈಟು ಆರಿಸ್ತೀನಿ, ನಿಮ್ಮ ಕಣ್ಣಿಗೆ ಹೊಡೆಯಲ್ಲ."

ಇಳಿಜಾರಿನುದ್ದಕ್ಕೂ ಧೂಳಿನಾಚೆ ಅವರ ಜೀಪು ನಮ್ಮ ಹಿಂದೆಯೇ ಬಂತು. ನೆತ್ತಿಯ ಲೈಟುಗಳನ್ನು ಅವರೂ ಆರಿಸಿದ್ದರು.

*

ಸೋಮವಾರ ಬೆಳಿಗ್ಗೆ ಡ್ರಿಲ್ಲಿಂಗ್ ಮಿಷನ್ ಅದರ ಜಾಗಕ್ಕೆ ಹೋಯಿತು. ಮಾವನ ಜೀಪುಗಳೂ ಎಂದಿನ ಹಾಗೆ ಹಗಲಿಗೆ ಗುಡ್ಡ ಹತ್ತಿದವು. ಮಾವ ಬರಲಿಲ್ಲ, ಬಂದದ್ದು ಬೋಲ್ಟು. ನಮ್ಮ ಮನೆಯ ಗೇಟಿನ ಹೊರಗೇ ನಿಂತ, ಗಾಡಿ ಮುಟ್ಟುವುದಿಲ್ಲ ಎಂಬ ಮಾತು ಇನ್ನೂ ಉಳಿದಿತ್ತಲ್ಲ.

"ಅಕ್ಕ, ನಿಮ್ಮ ಮಾವ ಹೇಳಿ ಕಳಿಸಿದ್ದಾರೆ," ಅಂದ, ಬಾಯಲ್ಲಿದ್ದ ಬೋಲ್ಟು ತೆಗೆದು, ಇದು ಅಷ್ಟು ದೊಡ್ಡ ವಿಷಯ ಎಂಬಂತೆ. "ಸಂಜೆ ಟ್ರಿಪ್ಪು ನೀನೇ ಇಟ್ಕೋಬಹುದಂತೆ. ಗಾಡೀನೂ ನಿಂದೇ ಅಂತೆ. ಆ ಹಿಂದಿನ ಲೈಟೊಂದನ್ನ ಮುಂದಕ್ಕೆ ತಿರುಗಿಸಿಬಿಟ್ರೆ ಅವರ ಮಾತೂ ಉಳಿದ ಹಾಗಾಗುತ್ತೆ ಅಂದ್ರು. ಊರೆಲ್ಲ ಅದನ್ನೇ ತೋರಿಸಿ ನಗ್ತಿದೆ. ಏನು ಹೇಳ್ಲಿ?"

ಅಮ್ಮ ಬಾಗಿಲಿಗೆ ಬಂದಳು. ಅಪ್ಪ ಪೇಪರಿನಿಂದ ಕಣ್ಣು ಎತ್ತಿದರು. ನನ್ನ ನಾಲಗೆಯ ತುದಿಯಲ್ಲಿ ಮಾವನ ದನಿಯಲ್ಲೇ ಎರಡು ಮೂರು ಉತ್ತರ ತಯಾರಾಗಿದ್ದವು, ನುಂಗಿಕೊಂಡೆ.

ಅಕ್ಕ ಒಳಗೆ ಹೋಗಿ ಅಪ್ಪನ ಹಳೆಯ ಪೆಟ್ಟಿಗೆಯಿಂದ ಒಂದು ಸೀಮೆಸುಣ್ಣ ತಂದಳು. ಬಾನೆಟ್ಟಿನ ಮೇಲೆ, ಗೇಟಿನಾಚೆಗೂ ಓದಲು ಬರುವಷ್ಟು ದಪ್ಪ ಅಕ್ಷರದಲ್ಲಿ ಬರೆದಳು:

ತಿರುಗಿಸಲ್ಲ.

"ಇದನ್ನ ಹೇಳು," ಅಂದಳು ಬೋಲ್ಟುವಿಗೆ. "ಮರೆತ್ರೆ ಸಂಜೆ ಗಾಡಿ ಅವರ ಮನೆ ಮುಂದಿಂದಾನೇ ಹೋಗುತ್ತೆ, ಓದ್ಕೊಳ್ಳಲಿ."

ಅಪ್ಪ ಎದ್ದು ಬಂದರು. ಕೈ ಹಿಂದೆ ಕಟ್ಟಿಕೊಂಡು, ಕ್ಲಾಸಿನಲ್ಲಿ ನಿಂತ ಹಾಗೆ ನಿಂತು, ಬರೆದದ್ದನ್ನು ನೋಡಿದರು. ಅಕ್ಕನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು ಅದರ ಕೆಳಗೆ, ಸ್ಕೇಲು ಇಟ್ಟಷ್ಟು ನೇರವಾಗಿ, ಒಂದು ಗೆರೆ ಎಳೆದರು.